ನಮ್ಮ ಅಂಗಳದಲ್ಲಿ ಕುಳಿತ ಪೊಲೀಸ್ ನಾಯಿಯವರ ಸನ್ನಿಧಾನಕ್ಕೆ

ಮಾನ್ಯ ರೋಜಿಯವರೇ,

ತಮ್ಮ ಮೂಗಿಗೂ, ತಮ್ಮ ಹಗ್ಗ ಹಿಡಿದು ಓಡಿ ಏದುಸಿರು ಬಿಟ್ಟ ಪೇದೆಯವರಿಗೂ ಬೀಜಾಡಿಯಿಂದ ಸಾಷ್ಟಾಂಗ ನಮಸ್ಕಾರಗಳು. ನಾಯಿಗೆ ಪತ್ರ ಬರೆಯುವ ಮಟ್ಟಕ್ಕೆ ಈ ಮನುಷ್ಯ ಇಳಿದನಲ್ಲ ಎಂದು ತಾವು ನೊಂದುಕೊಳ್ಳಬಾರದು; ವಾರಪತ್ರಿಕೆಗೆ ಅಪರಾಧ ಕಥನ ಬರೆಯುವವನಿಗೆ ಇಳಿಯಲು ಇನ್ನೂ ಮೆಟ್ಟಿಲುಗಳಿವೆ.

ಮುಂಬೈಯ ಹೋಟೆಲು ಮಾರಿ ಬಂದು ನಮ್ಮೂರಿನಲ್ಲಿ ನೆಲೆಸಿದ್ದ ಹಿರಿಯರೊಬ್ಬರ ಕೊಲೆಯಾದಾಗ, ರಾಜ್ಯದ ಟೀವಿಯವರೆಲ್ಲ ಬಂದು ಬೀಡುಬಿಟ್ಟದ್ದೂ, ನಾನು ಆ ಬಗ್ಗೆ ಧಾರಾವಾಹಿ ಶುರುಮಾಡಿದ್ದೂ ತಮಗೆ ತಿಳಿದದ್ದೇ. ನನ್ನ ತನಿಖೆಯೆಂದರೆ ಕೋಟೇಶ್ವರದ ಹೋಟೆಲಿನಲ್ಲಿ ಚಾ ಕುಡಿಯುತ್ತ ಪಕ್ಕದ ಮೇಜಿನವರ ಮಾತಿಗೆ ಕಿವಿಗೊಡುವುದು. ಮೂರನೆಯ ಕಂತಿಗೆ ಸರಕು ಸಾಲದೆ, ಸತ್ತವರ ನೆರೆಮನೆಯ ಚಂದಯ್ಯನವರನ್ನು ಎಳೆತಂದೆ. ಅವರ ಅಂಗಳದ ತುಂಬ ಮೀನು ಒಣಗಲು ಹರಡಿತ್ತು. 'ಚಂದಯ್ಯನ ಒಣಮೀನು ರಕ್ತದ ವಾಸನೆ ಮುಚ್ಚಲೆಂದೇ?' ಎಂದು ದಪ್ಪ ಅಕ್ಷರದಲ್ಲಿ ಕೇಳಿಬಿಟ್ಟೆ. ಮಳೆಗಾಲಕ್ಕೆ ಮುಂಚೆ ಬೀಜಾಡಿಯಲ್ಲಿ ಮೀನು ಒಣಗದ ಅಂಗಳ ಯಾವುದಿದೆ, ಹೇಳಿ? ನನ್ನ ಹೆಂಡತಿ ಸುಗುಣ ಒಣಮೀನು ಮಾರಿಯೇ ನನ್ನ ಸಾಹಿತ್ಯವನ್ನು ಸಾಕುತ್ತಿದ್ದಾಳೆ. ಆದರೆ ದೂರದೂರಿನ ಓದುಗರಿಗೆ ಅದೆಲ್ಲಿ ಗೊತ್ತು, ಮೈ ಜುಮ್ಮೆಂದಿತು ಎಂದು ಹೊಗಳಿದರು. ಬ್ರಹ್ಮಾವರದ ಸಂತೆಯಲ್ಲಿ ಚಂದಯ್ಯನವರ ಮೀನನ್ನು ಮುಟ್ಟುವವರಿಲ್ಲವಾದರು.

ಮುಂದಿನ ವಾರ ಗಾಳಿಮರದ ಬುಡದಲ್ಲಿ ರಕ್ತದ ಕಲೆಯ ಬೈರಾಸು, ಅಂದರೆ ಹೆಗಲ ವಸ್ತ್ರ, ಸಿಕ್ಕಿ, ಅದನ್ನು ಮೂಸಿದ ತಾವು ಊರೆಲ್ಲ ಬಿಟ್ಟು ನೇರ ನಮ್ಮ ಅಂಗಳಕ್ಕೆ ಬಂದು, ಒಣ ಸೀಗಡಿಯ ಚಾಪೆಯ ಪಕ್ಕ ಗಂಭೀರವಾಗಿ ಆಸೀನರಾದಿರಿ. ಆಹಾ, ಎಂಥ ಭಂಗಿ! ಹನ್ನೊಂದು ಕ್ಯಾಮೆರಾಗಳು ತಮ್ಮನ್ನೂ, ಲುಂಗಿಯಲ್ಲಿದ್ದ ನನ್ನನ್ನೂ ಒಟ್ಟಿಗೆ ಹಿಡಿದವು. ಸಂಜೆ ಟೀವಿಯ ಹುಡುಗಿ ನನ್ನದೇ ವಾಕ್ಯವನ್ನು, ಚಂದಯ್ಯನವರ ಹೆಸರು ತೆಗೆದು ನನ್ನ ಹೆಸರು ಹಾಕಿ, ನನಗಿಂತ ಚೆನ್ನಾಗಿ ಓದಿದಳು. ಅನ್ನ ಬಡಿಸುತ್ತಿದ್ದ ಸುಗುಣ ಕೈ ನಿಲ್ಲಿಸಿ, "ಹ್ವಾಯ್, ಇದ್ ನೀವ್ ಚಂದಯ್ಯಣ್ಣನ್ ಬಗ್ಗೆ ಬರ್ದದ್ದೇ ಅಲ್ದಾ?" ಎಂದಳು. ಅವಳ ಮೀನೂ ಸಂತೆಯಿಂದ ಹೋದ ಹಾಗೆಯೇ ಮರಳಿ ಬಂತು. ನನಗೆ ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು, ಅದೂ ತಮ್ಮ ಮೇಲೆ.

ಆದ್ದರಿಂದ ತಾವು ದಯಮಾಡಿ ಪತ್ರಿಕಾಗೋಷ್ಠಿ ಕರೆದು, ತಾವು ಕುಳಿತದ್ದು ಸೀಗಡಿಗಾಗಿಯೇ ಹೊರತು ಕೊಲೆಗಾರನಿಗಾಗಿ ಅಲ್ಲವೆಂದು ಸ್ವಹಸ್ತಾಕ್ಷರದ ಹೇಳಿಕೆ ಕೊಡಬೇಕು. ಹಾಗೆಯೇ ಎಲ್ಲ ಟೀವಿ ಕಚೇರಿಗಳಿಗೆ ಹೋಗಿ, ಒಂದೊಂದು ಮೇಜಿನ ಮುಂದೆಯೂ ಅಷ್ಟೇ ಗಂಭೀರವಾಗಿ ಕುಳಿತುಕೊಳ್ಳಬೇಕು.

ಇನ್ನೊಂದು ನಿವೇದನೆ. ನನ್ನ ನಡತೆ ಹೇಗೆಂದು ಟೀವಿಯವರು ಚಂದಯ್ಯನವರನ್ನೇ ಕೇಳಿದರು. ಸೇಡು ತೀರಿಸಲು ಮೈಕೇ ಬಾಯಿಯ ಬಳಿ ಬಂದಿತ್ತು. ಅವರು, "ಚೆನ್ನಯ್ಯ ಕೋಳಿ ಕುಯ್ಯುಕೂ ಹೆದ್ರುವವ, ಕೊಲೆ ಅವ್ನ್ ಕೈಯಗೆ ಆಪ್ದಲ್ಲ" ಎಂದು ಒಳಗೆ ಹೋದರು. ಮಸಾಲೆ ಇಲ್ಲದ ಮಾತೆಂದು ಅದು ಪ್ರಸಾರವಾಗಲಿಲ್ಲ. ಆಮೇಲೆ ಸತ್ತವರ ಮುಂಬೈಯ ಪಾಲುದಾರ ಸಿಕ್ಕಿಬಿದ್ದು ತಪ್ಪೊಪ್ಪಿಕೊಂಡ. ಕ್ಯಾಮೆರಾಗಳು ಬೇರೆ ಊರಿನ ಬೇರೆ ಹೆಣದತ್ತ ಹೊರಟವು. ಕ್ಷಮೆ ಕೇಳಲು ಹೋದ ನನಗೆ ಚಂದಯ್ಯನವರು, "ನಂಗೆಂತಕ್ಕೆ ಹೇಳುದ್? ಬರ್ದಲ್ಲೇ ಬರಿ" ಎಂದರು.

ತಮ್ಮ ವಿಶ್ವಾಸಿ, ತಮ್ಮಷ್ಟು ಮೂಗಿಲ್ಲದ,
ಚೆನ್ನಯ್ಯ, ಬೀಜಾಡಿ

ತಾ.ಕ.: 'ಚಂದಯ್ಯ ನಿರಪರಾಧಿ' ಎಂಬ ನನ್ನ ಬರಹವನ್ನು ಸಂಪಾದಕರು ಸ್ವಾರಸ್ಯವಿಲ್ಲವೆಂದು ಮರಳಿಸಿದರು. ನಾಯಿಗೊಂದು ಪತ್ರ ಎಂದಾಗ ಮಾತ್ರ ಕೂಡಲೇ ಒಪ್ಪಿದರು. ಹಾಗಾಗಿ ತಮ್ಮ ಹೆಸರನ್ನು ಬಳಸಿಕೊಂಡೆ, ಮನ್ನಿಸಿ. ಬೀಜಾಡಿಯ ಚಂದಯ್ಯನವರು ಯಾರನ್ನೂ ಕೊಂದಿಲ್ಲ. ಮೀನು ಒಣಗಿಸಿದ್ದಾರೆ, ಅಷ್ಟೇ.