ಪರಿಚಯದವರಿಗೆ ಮಾರುವುದಿಲ್ಲ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕ್ರೇಟ್ ಟೊಮೇಟೊ.

ಅಗ್ರಿ ಬಿಸಿನೆಸ್ ಕೋರ್ಸಿನ ಕೊನೆಯ ಪ್ರಾಕ್ಟಿಕಲ್ ಎಂದು ಮೇಷ್ಟ್ರು ಬೆಳಿಗ್ಗೆಯೇ ಪ್ರತಿ ವಿದ್ಯಾರ್ಥಿಯ ತಲೆಗೂ ಒಂದೊಂದು ಕ್ರೇಟ್ ಕಟ್ಟಿದ್ದರು. "ಸಂಜೆಯೊಳಗೆ ಖಾಲಿಯಾಗಬೇಕು. ನೆಂಟರಿಗೆ, ಪರಿಚಯದವರಿಗೆ ಮಾರಿದ್ರೆ ಸೊನ್ನೆ. ದಾಕ್ಷಿಣ್ಯಕ್ಕೆ ಕೊಳ್ಳೋರು ಗಿರಾಕಿಗಳೇ ಅಲ್ಲ!"

ನಮ್ಮ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಚಂಡಿ ಎನ್ನುತ್ತಿದ್ದರು. ಹಿಡಿದ ಹಟ ಬಿಟ್ಟ ಉದಾಹರಣೆಯೇ ಇರಲಿಲ್ಲ. ಕನ್ನಡಕದ ಅಂಗಡಿ ಇಟ್ಟಿದ್ದ ಅಪ್ಪನಿಗೆ ಮಗಳ ಓದು ಮೊದಲಿನಿಂದಲೂ ಗಂಟಲಲ್ಲಿ ಸಿಕ್ಕಿದ ಮುಳ್ಳು.

"ತರಕಾರಿ ಮಾರೋಕೆ ಕಾಲೇಜು ಬೇರೆ ಕೇಡು! ಇವತ್ತು ಅದನ್ನ ಮಾರಿ ಬಾ, ಇನ್ನು ನಿನ್ನ ತಂಟೆಗೆ ಬರಲ್ಲ. ಮಾರದಿದ್ರೆ ಸೋಮವಾರದಿಂದ ಓದು ಬಂದ್. ಅಂಗಡೀಲಿ ಕೂತು ಗಾಜು ಒರೆಸು."

"ಮಾರೇ ಬರ್ತೀನಿ," ಎಂದು ಚಂಡಿ ಕ್ರೇಟ್ ಸೊಂಟಕ್ಕೇರಿಸಿಕೊಂಡು ಹೊರಟೇಬಿಟ್ಟಳು.

ಪರಿಚಯದವರ ನೆರಳೂ ಬೀಳಬಾರದೆಂದು ಊರಿನ ಇನ್ನೊಂದು ತುದಿಯ ಬಸ್ ನಿಲ್ದಾಣದ ಎದುರು ಗೋಣಿಚೀಲ ಹಾಸಿದಳು. ಕಲಿತ ವಿದ್ಯೆಯನ್ನೆಲ್ಲ ಬಳಸಿ ಹಣ್ಣನ್ನು ಮೂರು ಗುಡ್ಡೆ ಮಾಡಿದಳು. ಪೂರ್ತಿ ಕೆಂಪಾದದ್ದು ಇವತ್ತಿನ ಅಡುಗೆಗೆ, ಅರೆಗೆಂಪು ನಾಳೆಗೆ, ದೋರೆಗಾಯಿ ನಾಡಿದ್ದಿಗೆ. ಹಾಗೆಂದು ರಟ್ಟಿನ ಮೇಲೆ ಬರೆದೂ ಇಟ್ಟಳು. ಜನ ನಿಂತು ಓದತೊಡಗಿದರು. ಒಬ್ಬ ಹೆಂಗಸು ಚೀಲ ಬಿಚ್ಚಿಯೂ ಆಗಿತ್ತು.

ಅಷ್ಟರಲ್ಲಿ ಬಸ್ಸಿನಿಂದ ಕೆಳಮನೆಯ ಟೈಲರ್ ಇಳಿದರು. ಹಿಂದೆಯೇ ಎದುರುಮನೆಯ ದಂತವೈದ್ಯೆ, ಅವರ ಹಿಂದೆ ಬೀದಿಯ ಅರ್ಧ ಜನ. ಮನೆಯಲ್ಲಿದ್ದ ಸೋದರತ್ತೆ ಹೇಗೋ ಪತ್ತೆ ಹಚ್ಚಿ, 'ಪಾಪ, ಮಗು ಬೀದೀಲಿ ಕೂತಿದೆ' ಎಂದು ಎಲ್ಲರಿಗೂ ಫೋನು ಮಾಡಿ, ಇಂಥದೇ ನಿಲ್ದಾಣ ಎಂದು ಗುರುತೂ ಹೇಳಿ ಅಟ್ಟಿದ್ದಳು.

"ಎರಡು ಕೇಜಿ ಹಾಕಮ್ಮ," ಎಂದರು ಟೈಲರ್.

"ನಿಮಗೆ ಮಾರಲ್ಲ ಅಂಕಲ್."

"ಯಾಕೆ? ನನ್ನ ದುಡ್ಡೇನು ಖೋಟಾನಾ?"

"ನೀವು ನನಗೆ ಗೊತ್ತಲ್ಲ, ಅದಕ್ಕೆ."

"ಅಯ್ಯೋ, ನಿನ್ನ ಸ್ಕೂಲ್ ಯೂನಿಫಾರ್ಮ್ ಹೊಲಿದೋನು ಕಣಮ್ಮ ನಾನು!"

"ಅದೇ ಆಗಿರೋ ತಪ್ಪು. ದಯವಿಟ್ಟು ಹೋಗಿ."

ದಂತವೈದ್ಯೆಗೂ ಅದೇ ಉತ್ತರ, ಉಳಿದವರಿಗೂ ಅದೇ ಉತ್ತರ. ಚೀಲ ಬಿಚ್ಚಿದ್ದ ಹೆಂಗಸು ಅದನ್ನು ಮೆಲ್ಲಗೆ ಮಡಚಿಕೊಂಡಳು. "ಗೊತ್ತಿರೋರಿಗೇ ಕೊಡ್ತಿಲ್ಲ ಅಂದ್ರೆ ಇದರಲ್ಲಿ ಏನೋ ಇದೆ. ಯಾವ ವಿಷ ಹೊಡೆದಿದ್ದಾರೋ, ಏನೋ!"

ಆ ಮಾತು ನಿಲ್ದಾಣದ ತುಂಬ ಹಬ್ಬಿತು. ನಿಂತು ಓದುತ್ತಿದ್ದವರು ದೂರ ನಿಂತು ಓದತೊಡಗಿದರು. ಆಮೇಲೆ ಓದುವವರೂ ಇಲ್ಲ. ಬಿಸಿಲೇರಿ ನಾಳಿನ ಗುಡ್ಡೆ ಇವತ್ತಿನ ಗುಡ್ಡೆಯಂತೆ ಕಾಣತೊಡಗಿತು. ಚಂಡಿಗೆ ಅಳು ಬಂತು. ಅಳು ಬಂತಲ್ಲಾ ಎಂದು ಅದರ ಎರಡರಷ್ಟು ಸಿಟ್ಟು ಬಂತು. ಮೂಗೊರೆಸಿಕೊಂಡು ಇನ್ನೂ ಜೋರಾಗಿ ಕೂಗಿದಳು.

ಹೊತ್ತು ಇಳಿಯುವಾಗ ಪೊರಕೆಯಂಥ ಮೀಸೆಯವನೊಬ್ಬ ಬಂದ. ರಟ್ಟು ಓದಲಿಲ್ಲ, ಹಣ್ಣು ಮುಟ್ಟಲಿಲ್ಲ. "ಎಲ್ಲಾ ಹಾಕಿ," ಎಂದ.

"ನೀವು ನಮಗೇನಾದ್ರೂ ನೆಂಟರಾ?"

"ಅಲ್ಲ."

"ನಮ್ಮಪ್ಪ ಗೊತ್ತಾ? ಕನ್ನಡಕದ ಅಂಗಡಿ?"

"ನನ್ನ ಕಣ್ಣು ಚೆನ್ನಾಗಿದೆ."

ಚಂಡಿ ಕ್ರೇಟ್ ಸಮೇತ ಕೊಟ್ಟು, ಯುದ್ಧ ಗೆದ್ದವಳಂತೆ ಮನೆಗೆ ಬಂದಳು.

ಕೇಳಿದ ಸೋದರತ್ತೆ ಹುಬ್ಬೇರಿಸಿದಳು. "ಚೌಕಾಸಿ ಮಾಡಲಿಲ್ವಾ?"

"ಇಲ್ಲ."

"ಒಂದನ್ನೂ ಹಿಸುಕಿ ನೋಡಲಿಲ್ವಾ?"

"ಇಲ್ಲ."

"ಹಾಗಾದ್ರೆ ಅವನು ಗಿರಾಕಿ ಅಲ್ವೇ ಅಲ್ಲ ಬಿಡು. ಯಾರೋ ಕಳಿಸಿದ್ದಾರೆ."

ಚಂಡಿ ಗಿರಕ್ಕನೆ ಅಪ್ಪನತ್ತ ತಿರುಗಿದಳು. "ಅಪ್ಪಾ, ನೀವೇ ತಾನೆ?"

"ನಾನು ಕಳಿಸಿದ್ರೆ ಚೌಕಾಸಿ ಮಾಡದೆ ಇರೋನನ್ನ ಕಳಿಸ್ತಿದ್ನೇನೇ?" ಅಪ್ಪನಿಗೆ ನಿಜವಾಗಿಯೂ ಅವಮಾನವಾಗಿತ್ತು. "ಮಾರಿದೆಯಲ್ಲ, ಗೆದ್ದೆ. ಸುಮ್ಮನಿರು."

"ಯಾರೋ ಗೆಲ್ಲಿಸಿದ್ದು ನನಗೆ ಬೇಡ!" ಎಂದವಳೇ, ಸೊನ್ನೆಯನ್ನಾದರೂ ಕೇಳಿ ಪಡೆಯುತ್ತೇನೆಂದು ಮೇಷ್ಟ್ರ ಮನೆಗೆ ನಡೆದಳು.

ಬಾಗಿಲು ತೆಗೆದದ್ದು ಅದೇ ಪೊರಕೆ ಮೀಸೆ, ಮೇಷ್ಟ್ರ ಭಾವಮೈದುನ. ಅವನ ಹಿಂದೆ ನಡುಮನೆಯಲ್ಲಿ ಕಾಲಿಡಲು ಜಾಗವಿಲ್ಲದಂತೆ ಕ್ರೇಟುಗಳು. ತರಗತಿಯ ಅಷ್ಟೂ ವಿದ್ಯಾರ್ಥಿಗಳ ಟೊಮೇಟೊ ಅಲ್ಲಿತ್ತು. ಕ್ರೇಟುಗಳ ನಡುವೆ ಮೇಷ್ಟ್ರು ಬನಿಯನ್ನಿನಲ್ಲಿ ಬೆವರುತ್ತಿದ್ದರು.

"ದಾಕ್ಷಿಣ್ಯಕ್ಕೆ ಕೊಳ್ಳೋರು ಗಿರಾಕಿಗಳಲ್ಲ ಅಂದೋರು ನೀವೇ ಅಲ್ವಾ ಸಾರ್?"

"ದಾಕ್ಷಿಣ್ಯ ಅಲ್ಲಮ್ಮ, ಹೊಟ್ಟೆಪಾಡು," ಎಂದರು ಮೇಷ್ಟ್ರು. "ಮಧ್ಯಾಹ್ನ ಸುತ್ತಿ ಬಂದೆ, ಒಬ್ಬರದೂ ಹೋಗಿರಲಿಲ್ಲ. ಈ ಸಲ ಎಲ್ಲರೂ ಫೇಲಾದ್ರೆ ಕೋರ್ಸೇ ಮುಚ್ತಾರಂತೆ. ನೀನು ಪಾಸು, ಎಲ್ಲರೂ ಪಾಸು. ಬಾಯಿ ಮುಚ್ಕೊಂಡು ಮನೆಗೆ ಹೋಗು."

"ಹೋಗಲ್ಲ. ಈ ಪಾಸು ನನಗೆ ಬೇಡ. ಸೊನ್ನೆ ಹಾಕಿ. ನಿಮ್ಮ ದುಡ್ಡು ತಗೊಳ್ಳಿ, ನನ್ನ ಹಣ್ಣು ಕೊಡಿ. ನಾಳೆ ನಾನೇ ಮಾರ್ತೀನಿ. ಹಣ್ಣು ಒಳ್ಳೇದು, ನಾನು ಓದಿರೋದೂ ಒಳ್ಳೇದು!"

ಒಳಗಿನಿಂದ ಸೌಟು ಹಿಡಿದೇ ಮೇಷ್ಟ್ರ ಹೆಂಡತಿ ಹೊರಬಂದರು. ಮಧ್ಯಾಹ್ನದಿಂದ ಟೊಮೇಟೊ ಬೇಯಿಸಿ ಬೇಯಿಸಿ ಅವರ ಮುಖವೂ ಅದೇ ಬಣ್ಣಕ್ಕೆ ತಿರುಗಿತ್ತು. "ನೀನು ನೂರು ವರ್ಷ ಬಾಳಬೇಕು ಕಣೇ! ರೀ, ಸೊನ್ನೆ ಕೇಳ್ತಿದಾಳೆ, ಕೊಡ್ರೀ. ಹಣ್ಣು ಕೇಳ್ತಿದಾಳೆ, ಎಲ್ಲಾ ಕೊಟ್ಟು ಕಳಿಸಿ!"

"ನಂದು ಒಂದೇ ಕ್ರೇಟು ಮೇಡಂ..."

"ಯಾವುದು ಯಾರದು ಅಂತ ಹುಡುಕ್ತಾ ಕೂರೋಕಾಗುತ್ತಾ?" ಎಂದ ಭಾವಮೈದುನ, ಆಗಲೇ ಗೂಡ್ಸ್ ಆಟೋ ಕರೆಯಲು ಓಡುತ್ತ.

ಕತ್ತಲಾಗುವ ಹೊತ್ತಿಗೆ ಆಟೋ ಮನೆಯ ಮುಂದೆ ನಿಂತಿತು. ಇಳಿಸಿದಷ್ಟೂ ಕ್ರೇಟುಗಳು ಇಳಿಯುತ್ತಲೇ ಇದ್ದವು. ಅಪ್ಪ ಬಾಗಿಲಲ್ಲಿ ನಿಂತು, ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಪಾಸಾದೆಯಾ?"

"ಸೊನ್ನೆ."

"ಹಾಗಾದ್ರೆ ಸೋಮವಾರ ಅಂಗಡಿಗೆ ಬರಬೇಕು, ನೆನಪಿದೆ ತಾನೆ?"

"ಬರ್ತೀನಿ ಅಪ್ಪಾ," ಎಂದಳು ಚಂಡಿ, ಮೊದಲನೇ ಕ್ರೇಟನ್ನು ಅವನ ಕೈಗೆ ದಾಟಿಸುತ್ತ. "ಗಾಜಿನ ಬೀರು ಸ್ವಲ್ಪ ಒಳಗೆ ಸರಿಸಿಡಿ. ಬಾಗಿಲ ಹತ್ತಿರ ನನಗೆ ಜಾಗ ಬೇಕು."