ಅತ್ರೆ ಗಾಡಿ ಬರ್ತೈತೆ

ಬೇಸಿಗೆ ಬಂತಂದ್ರೆ ನಮ್ಮನೆಯಾಗೆ ಏನಾದ್ರೂ ಒಂದು ಎಡವಟ್ಟು ಆಗೇ ಆಗ್ತೈತೆ. ಆಗದೇ ಇದ್ದ ಬೇಸಿಗೆಗಳೂ ಅದಾವೆ. ಅವನ್ನ ನೆನೆಸ್ಕಳ್ಳಕ್ಕೆ ನನಗೂ ನನ್ನ ಹೆಂಡ್ತಿಗೂ ಇಷ್ಟ ಇಲ್ಲ.

ನಾನು ಮೊಳಕಾಲ್ಮೂರಿನಾಗೆ ರೇಷ್ಮೆ ಸೀರೆ ನೇಯೋನು. ಮನೆಯಾಗೆ ಮಗ್ಗ ಐತೆ, ಹೆಂಡ್ತಿ ಅದಾಳೆ, ಮಕ್ಕಳಿಲ್ಲ. ತಂಗೀನ ಚಳ್ಳಕೆರೆಗೆ ಕೊಟ್ಟಿದ್ವಿ. ಅವಳಿಗೆ ಒಂದು ಹುಡುಗಿ, ಒಂದು ಹುಡುಗ. ನಾವು ಚಿಕ್ಕೋರಿದ್ದಾಗ ನಮಗೆ ಇಸ್ಕೂಲೂ ಇರಲಿಲ್ಲ, ಹಂಗಾಗಿ ರಜಾನೂ ಇರಲಿಲ್ಲ. ಈ ಮಕ್ಕಳಿಗೆ ಸರ್ಕಾರದೋರು ಎರಡನ್ನೂ ಕೊಟ್ಟಿದ್ರು.

ಮೊದಲನೇ ರಜಾಕ್ಕೆ ಬಂದೋವು ವಾರ ತುಂಬೋ ಮುಂಚೆ "ಅವ್ವ ಬೇಕು" ಅಂತ ಅತ್ತು ಹೊರಟೋದ್ವು. ಅವಕ್ಕೆ ಅಂತ ನನ್ನ ಹೆಂಡ್ತಿ ಕಟ್ಟಿದ್ದ ಉಂಡೇನ ನಾವಿಬ್ಬರೇ ಮಳೆಗಾಲದವರೆಗೂ ತಿಂದ್ವಿ. ಮುಂದಿನ ವರ್ಷ ತಂಗಿ ಗಂಡ ಮೊದಲೇ ಹೇಳಿ ಕಳಿಸಿದ, "ಅತ್ರೆ ಗಾಡಿ ಕಳಿಸ್ತೀನಿ, ಸುಮ್ನೆ ಹತ್ತಿಸಿ ಬಿಡಿ" ಅಂತ. ಅಂದ್ರೆ ನಮಗಿದ್ದ ಕೆಲಸ ಒಂದೇ. ಇಸ್ಕೂಲು ಬಾಗಿಲು ತೆಗೆಯೋವರೆಗೂ ಆ ಎರಡೂ ಅಳಬಾರದು. ಅದೂ ಖರ್ಚಿಲ್ದಂಗೆ.

ಎಡಗಡೆ ಎತ್ತು

ಮಗ್ಗದ ಗುಂಡಿಯಾಗೆ ಕಾಲು ಇಳಿಬಿಟ್ಕಂಡು ಕೂತು, ಕೆಳಗಿನ ಎರಡು ಹಲಗೆ ತುಳೀತಾ ನೇಯಬೇಕು. ಹುಡುಗನಿಗೆ ಬೇಜಾರಾಗಿ ತುಟಿ ಸೊಟ್ಟ ಆಗ್ತಿದ್ದಂಗೆ ನಾನು ಅಂದೆ, "ಲೇ, ಇದು ಮಗ್ಗ ಅಲ್ಲ ಕಣೋ, ಗಾಡಿ. ಈ ಹಲಗೆಗಳೇ ಎತ್ತು. ಬಾ, ಹೊಡಿ."

ಇಳಿದು ನನ್ನ ಪಕ್ಕಾನೇ ಕೂತ. ಬಲಗಡೆ ಎತ್ತು ನಂದು, ಎಡಗಡೇದು ಅವಂದು. ಅಡ್ಡನೂಲಿನ ಲಾಳಿ ಹಾಯೋ ಹೊತ್ತಿಗೆ ಅವನ ಎತ್ತು ನಿಂತಿರೋದು, ಲಾಳಿ ಹೋದ ಮೇಲೆ ಓಡೋದು. "ಹೋಯ್, ಹೋಯ್!" ಅಂತ ಇಡೀ ಬೀದಿಗೆ ಕೇಳೋ ಹಂಗೆ ಕೂಗ್ತಿದ್ದ. ಅವತ್ತು ಒಂದು ಗೇಣು ಸೀರೆ ಆತು, ಅಳು ಬರಲಿಲ್ಲ.

ಆಮೇಲೆ ಸೀರೆ ಒಯ್ಯಕ್ಕೆ ಬಂದ ಸಾವ್ಕಾರ್ರು ಆ ಗೇಣಿನ ಮೇಲೆ ಬೆರಳಿಟ್ಟು, "ಇದೇನಯ್ಯಾ, ಇಲ್ಲೇನೋ ಹೆಜ್ಜೆ ತಪ್ಪಿದಂಗೈತೆ?" ಅಂದ್ರು.

"ಹೌದ್ರೀ," ಅಂದೆ. "ಎಡಗಡೆ ಎತ್ತು ಹೊಸದು."

ಹಾಸಿನ ಕಾವಲು

ಮಗ್ಗಕ್ಕೆ ಏರಿಸೋ ಉದ್ದದ ನೂಲಿಗೆ ನಾವು ಹಾಸು ಅಂತೀವಿ. ಬೆಳಿಗ್ಗೆ ಅದನ್ನ ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಸವರಿ ಒಣಗಿಸ್ತೀವಿ. ಹಾಸನ್ನ ಯಾರೂ ದಾಟಬಾರದು, ಸುತ್ತಿ ಹೋಗಬೇಕು. ಹುಡುಗಿ ಕೈಗೆ ಒಂದು ಬರಲು ಕಡ್ಡಿ ಕೊಟ್ಟು, "ಕೋಳಿ ಬರದಂಗೆ ನೋಡ್ಕ. ಯಾರನ್ನೂ ದಾಟಕ್ಕೆ ಬಿಡಬೇಡ" ಅಂದೆ.

ಮೊದಲು ಶಾನುಭೋಗರು ಬಂದ್ರು. ಪಂಚೆ ಎತ್ತಿ ಕಾಲಿಡಕ್ಕೆ ಹೋದ್ರೆ ಕಡ್ಡಿ ಅಡ್ಡ ಬಂತು.

"ನಾನ್ಯಾರು ಗೊತ್ತೇನೇ ಹುಡುಗಿ?"

"ಕೋಳಿ ಅಲ್ಲ ಅಂತ ಗೊತ್ತೈತೆ. ಸುತ್ತಿ ಬರ್ರಿ."

ಪಾಪ, ಆ ಬಿಸಿಲಾಗೆ ಬೀದಿ ಕೊನೇವರೆಗೂ ಹೋಗಿ ಸುತ್ತಿ ಬಂದ್ರು. ಹಿಂದೇನೇ ತುಂಬಿದ ಕೊಡ ಸೊಂಟದಾಗೆ ಇಟ್ಕಂಡು ನನ್ನ ಹೆಂಡ್ತಿ ಬಂದ್ಲು. ಮನೆ ಬಾಗಿಲು ಎದುರಿಗೇ ಐತೆ. "ಅತ್ತೆ, ನೀನೂ ಸುತ್ತಿ ಬಾ." ಅವಳೂ ಸುತ್ತಿದ್ಲು. ನನ್ನ ಕಡೆ ಒಂದು ನೋಟ ನೋಡಿದ್ಲು ಅಷ್ಟೇ.

ನಾನು ಒಳಗೆ ಹೋಗಿ ನೀರು ಕುಡಿದು ಬರೋ ಹೊತ್ತಿಗೆ ಹಾಸಿನ ಆ ತುದೀಲಿ ಪಕ್ಕದ ಮನೆ ಮೇಕೆ ನಿಂತ್ಕಂಡು ಗಂಜೀನ ಆರಾಮಾಗಿ ನೆಕ್ತಿತ್ತು. "ಏನೇ ಇದು, ಕಾವಲು ಅಂದ್ರೆ ಇದೇನಾ?" ಅಂದೆ.

"ಅದು ದಾಟಲಿಲ್ಲ ಮಾವ," ಅಂದ್ಲು. "ಸುತ್ತಿ ಬಂತು."

ಗೆದ್ದೋನು

ಕಣ್ಣಾಮುಚ್ಚಾಲೆಗಿಂತ ಅಗ್ಗದ ಆಟ ಇಲ್ಲ ಅಂತ ಒಂದು ಮಧ್ಯಾಹ್ನ ನಾನೂ ಸೇರ್ಕಂಡೆ. ಖಾಲಿ ಬಿದ್ದಿದ್ದ ರಾಗಿ ವಾಡೆ ಒಳಗೆ ಇಳಿದು ಕೂತೆ. ಆಳೆತ್ತರದ ಮಣ್ಣಿನ ವಾಡೆ ಅದು, ಹೆಂಡ್ತಿ ತೌರಿನೋರು ಕೊಟ್ಟಿದ್ದು. ಅಷ್ಟರಾಗೆ ಹೆಂಡ್ತಿ ಮಕ್ಕಳಿಗೆ ಮಾವಿನಹಣ್ಣು ಕೊಟ್ಲು, ಮಕ್ಕಳು ನನ್ನ ಮರೆತ್ವು.

ಕೂಗಬೋದಿತ್ತು. ಆದ್ರೆ ಅಂಗಳದಾಗೆ ಅವು ನಗೋದು ವಾಡೆ ಒಳಗೆ ಗುಂಯ್ ಅಂತ ತುಂಬ್ಕಂತಿತ್ತು. ನಮ್ಮನೆಯಾಗೆ ಅಂಥ ಸದ್ದು ಕೇಳಿ ಅಭ್ಯಾಸ ಇಲ್ಲ. ಇನ್ನೊಂದು ಚೂರು ಕೇಳಾಣ ಅಂತ ಹಂಗೇ ಕೂತೆ. ಕಾಲು ಜೋಮು ಹಿಡೀತು. ಸಂಜೆ ಹುಡುಗ ಬಗ್ಗಿ ನೋಡಿ, "ಮಾವ, ಆಟ ಆಗ್ಲೇ ಮುಗೀತು, ನೀನೇ ಗೆದ್ದೆ!" ಅಂದ.

ಗೆದ್ದೋನ್ನ ಹೊರಗೆ ತೆಗೆಯಕ್ಕೆ ವಾಡೆ ಒಡೀಬೇಕಾತು.

ನಗ್ರಿ, ನಗ್ರಿ

ಚಳ್ಳಕೆರೆಗೂ ನಮ್ಮೂರಿಗೂ ಹತ್ತಿ ಹೇರ್ಕಂಡು ಓಡಾಡೋ ಗಾಡಿಯವನೊಬ್ಬನಿದ್ದ. ಮಕ್ಕಳು ಅಳ್ತಾವೋ ಇಲ್ಲವೋ ನೋಡ್ಕಂಡು ಬಾ ಅಂತ ತಂಗಿ ಗಂಡ ಅವನಿಗೆ ಹೇಳಿದ್ದ. ನಮಗೆ ಅದು ಗೊತ್ತಿತ್ತು. ಗಾಡಿ ಬೀದಿ ತಿರುವಿನಾಗೆ ಕಂಡಿದ್ದೇ ತಡ, ನನ್ನ ಹೆಂಡ್ತಿ ಮಕ್ಕಳನ್ನ ಬಾಗಿಲಿಗೆ ಎಳ್ಕಂಡು ಬಂದ್ಲು. ಗಾಬರಿ ಆದಾಗ ಅವಳಿಗೆ ತೌರಿನ ತೆಲುಗೇ ಬರೋದು. "ನವ್ವಂಡ್ರಾ, ನವ್ವಂಡ್ರಾ!" ಅಂದ್ಲು. ನಾನೂ "ನಗ್ರಿ, ನಗ್ರಿ, ಜೋರಾಗಿ!" ಅಂದೆ.

ಮಕ್ಕಳು ನಕ್ವು. ಹೆಂಗೆ ಅಂದ್ರೆ, ಗಾಡಿಯವನು "ಚೆನ್ನಾಗಿದೀರಾ?" ಅಂದ್ರೂ ನಗು, "ಊಟ ಆತಾ?" ಅಂದ್ರೂ ನಗು. "ಅವ್ವ ಕೇಳಿದ್ಲು" ಅಂದಾಗ ಹುಡುಗ ನೆಲದ ಮೇಲೆ ಬಿದ್ದು ಉರುಳಾಡಿ ನಕ್ಕ. ಗಾಡಿಯವನು ಮೆಲ್ಲಗೆ ಹಿಂದಕ್ಕೆ ಸರಿದು ಎತ್ತಿನ ಹಗ್ಗ ಹಿಡ್ಕಂಡ. ಗೆದ್ವಿ ಅಂದ್ಕಂಡ್ವಿ.

ಎರಡು ದಿನಕ್ಕೆ ಅದೇ ಗಾಡಿಯಾಗೆ ತಂಗಿ ಬಂದು ಇಳಿದ್ಲು. ಸೆರಗಿನಾಗೆ ನಿಂಬೆಹಣ್ಣು, ಕೈಯಾಗೆ ಬೇವಿನ ಸೊಪ್ಪು, ಕಣ್ಣೆಲ್ಲಾ ಕೆಂಪು. "ಅಣ್ಣಾ, ನನ್ನ ಮಕ್ಕಳಿಗೆ ಗಾಳಿ ಹಿಡಿದೈತಂತಲ್ಲೋ! ಸುಮ್ಸುಮ್ನೆ ನಗ್ತಾವಂತೆ!"

ಅವಳ ದನಿ ಕೇಳಿದ್ದೇ ಮಕ್ಕಳು ಓಡಿ ಬಂದು ಕಾಲು ತಬ್ಕಂಡು "ಅವ್ವಾ" ಅಂತ ಹೋ ಅಂತ ಅತ್ವು. ಅಷ್ಟು ದಿನದ್ದೂ ಸೇರಿಸಿ ಅತ್ವು. ಗಾಡಿ ಬಾಗಿಲಾಗೇ ನಿಂತಿತ್ತು. ಆತು, ಮುಗೀತು ಅಂತ ನಾನು ಗೋಡೆಗೆ ಒರಗ್ದೆ. ಹೆಂಡ್ತಿ ಒಳಗೆ ಹೋಗಿ ಮಕ್ಕಳ ಬಟ್ಟೆ ಮಡಚಿ ಗಂಟು ಕಟ್ಟಕ್ಕೆ ಕೂತ್ಲು. ಕಟ್ಟಿದ ಗಂಟು ಬಿಚ್ಚೋದು, ಮತ್ತೆ ಕಟ್ಟೋದು.

ತಂಗಿ ಮಕ್ಕಳಿಬ್ಬರ ಮುಖಾನೂ ಎತ್ತಿ ನೋಡಿದ್ಲು. ಕಣ್ಣೀರು ಒರೆಸಿ, ಅದನ್ನೇ ಬೆರಳಾಗೆ ತಿಕ್ಕಿ ನೋಡಿದ್ಲು. "ಅಬ್ಬಾ, ಸದ್ಯ! ಅಳ್ತಾವೆ ಕಣಣ್ಣಾ! ಚೆನ್ನಾಗೇ ಅದಾವೆ!" ಅಂದು ಜಗಲಿ ಮೇಲೆ ಕುಸಿದು ಕೂತ್ಲು. "ಗಾಡಿಯಣ್ಣಾ, ನೀನು ನಡಿ. ಮಕ್ಕಳು ರಜಾ ಮುಗಿಸ್ಕಂಡೇ ಬರ್ತಾವೆ ಅಂತ ಮನೆಯಾಗೆ ಹೇಳು. ನಾನೂ ಇಲ್ಲೇ ಇರ್ತೀನಿ."

ಒಳಗಿಂದ ಒಂದು ನಗು ಬಂತು. ನನ್ನ ಹೆಂಡ್ತೀದು. ಗಂಟು ತೊಡೆ ಮೇಲೆ ಇಟ್ಕಂಡು, ಬಾಯಿಗೆ ಸೆರಗು ಒತ್ತಿದ್ರೂ ನಿಲ್ಲದಂಗೆ ನಗ್ತಿದ್ಲು. ಮದುವೆ ಆದಾಗಿಂದ ಅವಳು ಅಷ್ಟು ಜೋರಾಗಿ ನಕ್ಕಿದ್ದನ್ನ ನಾನೇ ಕೇಳಿರಲಿಲ್ಲ.

ನಾನು ಕುಡಿಯಕ್ಕೆ ಕೊಟ್ಟಿದ್ದ ನೀರನ್ನ ಗಾಡಿಯವನು ಹಂಗೇ ಕೆಳಗಿಟ್ಟ. "ನಾನು ಬರ್ತೀನ್ರಿ," ಅಂದ. "ಆ ಗಾಳಿ ಮಕ್ಕಳನ್ನ ಬಿಟ್ಟು ಈಯಮ್ಮನ್ನ ಹಿಡ್ಕಂಡೈತೆ."