ಕಿಟಕಿಯೊಳಗೆ ಎಸೆದ ಟವೆಲ್

ಇನ್ನೊಬ್ಬನ ಸೋಲನ್ನು ನಗುವಂತೆ ಹೇಳುವುದು ಸರಿಯೋ ಅಲ್ಲವೋ, ನನಗೆ ತಿಳಿಯದು. ರಾತ್ರಿ ಸಾಲೆಯಲ್ಲಿ ನಾಲ್ಕಕ್ಷರ ಕಲಿತವನು ನಾನು. ತಪ್ಪಿದ್ದರೆ ಓದುವವರು ಮನ್ನಿಸಬೇಕು. ಸೈದಪ್ಪ ನನ್ನ ಪಕ್ಕದ ಬೆಂಚಿನವನು. ಅವನು ಹೇಳಿದ್ದನ್ನೇ ಹೇಳುತ್ತಿದ್ದೇನೆ.

ಎಲ್ಲಕ್ಕೂ ಕಾರಣ ‘ಸೀಜ್’ ಎಂಬ ಇಂಗ್ಲಿಷ್ ಕ್ರಿಯಾಪದ. ಒಂದು ಬುಧವಾರ ಸಂಜೆ ಮಾಸ್ತರರು ಅದನ್ನು ಹಲಗೆಯ ಮೇಲೆ ಬರೆದಿದ್ದರು. “ಅಂದ್ರ ಗಪ್ಪನೆ ಹಿಡಕೊಳ್ಳೋದು. ರಾಜ ಕ್ವಾಟಿ ಸೀಜ್ ಮಾಡ್ತಾನ, ಪೊಲೀಸ್ರು ಮಾಲು ಸೀಜ್ ಮಾಡ್ತಾರ, ಶಾಣ್ಯಾ ಇದ್ದಾಂವ ಚಾನ್ಸ್ ಸೀಜ್ ಮಾಡ್ತಾನ. ಅಂಜಿಕಿನೂ ಮನಷಾನ್ನ ಸೀಜ್ ಮಾಡತೈತಿ. ನಾಳಿಗಿ ಒಂದೊಂದು ವಾಕ್ಯ ಮಾಡ್ಕೊಂಡು ಬರ್ರಿ.”

ಸೈದಪ್ಪ ನೇಕಾರ. ಹಳೆಯ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸವಿರಲಿಲ್ಲ. ಸೋಲಾಪುರದ ಹತ್ತಿರ, ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಟವೆಲ್ ಕಾರ್ಖಾನೆಗೆ ಒಬ್ಬನೇ ನೇಕಾರ ಬೇಕಿತ್ತು. ತಾವೇ ನೇಯ್ದ ಟವೆಲ್ ತಂದು ತೋರಿಸಬೇಕೆಂದು ಮಾಲಕ ಹೇಳಿದ್ದ. ಗೆಳೆಯನ ಮಗ್ಗದಲ್ಲಿ ಸೈದಪ್ಪ ಬಿಳಿ ಟವೆಲ್ ನೇಯ್ದ. ಅಂಚಿಗೆ ಕೆಂಪು ಜೋಡಿಗೆರೆ.

ಟವೆಲ್ ತೋರಿಸಲು ಹೊರಟ ಮರುದಿನ ಗುರುವಾರ, ಸ್ವಾಮಿಗಳ ವಾರ. ಅಕ್ಕಲಕೋಟ ಸ್ಟ್ಯಾಂಡಿನಲ್ಲಿ ಭಕ್ತರ ಜಾತ್ರೆ. ಸೋಲಾಪುರದ ಬಸ್ಸು ನಿಲ್ಲುವ ಮೊದಲೇ ಜನ ಗೋಡೆಗೆ ತಟ್ಟಿದ ಸಗಣಿ ಕುಳ್ಳಿನಂತೆ ಅದಕ್ಕೆ ಅಂಟಿಕೊಂಡರು. ಕಿಟಕಿಯಿಂದ ಯಾರ ಟೊಪ್ಪಿಗೆ, ಯಾರ ವಸ್ತ್ರ ಮೊದಲು ಬಿತ್ತೋ ಅವರಿಗೆ ಸೀಟು. ಅದು ಅಲ್ಲಿಯ ಕಾನೂನು. ಸೈದಪ್ಪನ ಬಳಿ ಕರವಸ್ತ್ರವೂ ಇರಲಿಲ್ಲ. ಮಾಸ್ತರರ ಮಾತು ನೆನಪಾಯಿತು. ಟವೆಲನ್ನೇ ಎಸೆದ.

ಅವನು ಒಳಗೆ ನುಸುಳುವಷ್ಟರಲ್ಲಿ ಅದರ ಮೇಲೆ ಭಾಗಾಬಾಯಿ ಎಂಬ ಮುದುಕಿ ಬುತ್ತಿಗಂಟು ಇಟ್ಟುಕೊಂಡು ಕುಳಿತಿದ್ದಳು.

“ಏಳ್ಬೇ ಆಯಿ. ನನ್ನ ಟವೆಲ್ ಐತಿ.”

“ಟವೆಲ್ ಕುಂತೈತಲ್ಲೋ ತಮ್ಮಾ. ಅದರ ಮ್ಯಾಲ ನಾ ಕುಂತೀನಿ. ಅದಕ್ಕಿಲ್ಲದ ತ್ರಾಸು ನಿನಗ್ಯಾಕ?”

ಬಸ್ಸೆಲ್ಲ ನಕ್ಕಿತು. ಅರ್ಧ ಜನ ಮುದುಕಿಯ ಕಡೆ, ಅರ್ಧ ಜನ ಕಾನೂನಿನ ಕಡೆ. “ಭಾಂಡಣ ನಕೋ! ಟವೆಲ್ ಕುಣಾಚಾ?” ಎಂದು ಕಂಡಕ್ಟರ್ ಜಗಳ ಬಿಡಿಸಲು ಮರಾಠಿಯಲ್ಲಿ ಗದರಿದ.

ಟವೆಲ್ ಯಾರದೆಂದು ಕೇಳಿದ್ದೇ ತಡ, ಸೈದಪ್ಪನ ಎದೆ ಉಬ್ಬಿತು. “ನಂದರಿ! ಸಾದಾ ಟವೆಲ್ ಅಲ್ಲ, ನಾನ ನೇಯ್ದೀನಿ. ಎಂಐಡಿಸಿಯೊಳಗ ಮಾಲಕಗ ತೋರಿಸಿದ್ರ ನೌಕರಿ ನಂದ. ಯಾರ ಟವೆಲ್ಲೋ ಅವರ ಸೀಟು!”

ಮುದುಕಿ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದಳು. “ಚಲೋ ನೇಯ್ದೀಯೋ ಯಪ್ಪಾ. ನನ್ನ ಮಗ ಅಮೋಲನೂ ಅದ ನೌಕರಿಗಿ ಅದ ಗೇಟಿನ್ಯಾಗ ನಿಂತಾನ. ಅವಗ ರೊಟ್ಟಿ ಒಯ್ಯಾಕತ್ತೀನಿ.” ಗಂಟು ಎತ್ತಿಕೊಂಡು ಎದ್ದಳು, ಬಾಗಿಲ ಬಳಿ ಸರಳು ಹಿಡಿದು ನಿಂತಳು.

ಸೈದಪ್ಪ ಕಿಟಕಿಯ ಪಕ್ಕ ಗೆದ್ದ ರಾಜನಂತೆ ಕುಳಿತು ವಾಕ್ಯ ಕಟ್ಟಿದ: ನಾನು ಸೀಟು ಸೀಜ್ ಮಾಡಿದೆ. ಅಷ್ಟರಲ್ಲಿ ಕಾಲ ಮೇಲೆ ಉಳ್ಳಾಗಡ್ಡಿ ಚೀಲ ಬಿತ್ತು, ತೊಡೆಯ ಮೇಲೆ ಯಾರದೋ ಟ್ರಂಕು, ಟ್ರಂಕಿನ ಮೇಲೆ ಯಾರದೋ ಮೊಣಕೈ.

ಎಂಐಡಿಸಿ ಬಂತು. “ಇಳೀಬೇಕ್ರೀ!”

“ಹ್ಯಾಂಗ ಇಳೀತಿ? ನಾವೇನು ಹೊಗಿ ಆಗಿ ಹೋಗೂಣೇನು?” ಎಂದ ಟ್ರಂಕಿನವನು.

ಬಾಗಿಲಲ್ಲಿದ್ದ ಭಾಗಾಬಾಯಿ ಸಲೀಸಾಗಿ ಇಳಿದಳು. ಆಗ ಸೈದಪ್ಪ ಟವೆಲಿಗಾಗಿ ಅಡಿಗೆ ಕೈ ಹಾಕಿ ತಡಕಿದ. ಹರಿದ ರೆಕ್ಸಿನ್ ಮಾತ್ರ ಸಿಕ್ಕಿತು. ಅಂಜಿಕೆಯ ಬಗ್ಗೆ ಮಾಸ್ತರರು ಕೊಟ್ಟ ಕೊನೆಯ ಉದಾಹರಣೆ ಅವನಿಗೆ ಈಗ ಪೂರ್ತಿ ತಿಳಿಯಿತು.

ಬಸ್ಸು ಅವನನ್ನು ಬಿಟ್ಟದ್ದು ಸೋಲಾಪುರ ಸ್ಟ್ಯಾಂಡಿನಲ್ಲಿ. ರಿಕ್ಷಾ ಹಿಡಿದು ತಿರುಗಿ ಓಡಿ ಬಂದರೆ, ಮಾಲಕನ ಮೇಜಿನ ಮೇಲೆ ಬಿಳಿ ಟವೆಲ್, ಕೆಂಪು ಜೋಡಿಗೆರೆ. ಅಮೋಲ ಆಗಲೇ ಮಗ್ಗದ ಮುಂದಿದ್ದ.

“ಅದು ನಂದರಿ!”

“ಹಂಗಾದ್ರ ಅವನ ಕೈಯಾಗ ಹ್ಯಾಂಗ ಬಂತು?” ಎಂದ ಮಾಲಕ. “ನೀ ಬರಿಗೈಲೆ ಬಂದೀಯಲ್ಲೋ.”

ಗೇಟಿನ ಹೊರಗೆ ಭಾಗಾಬಾಯಿ ಬುತ್ತಿ ಬಿಚ್ಚಿ ಕುಳಿತಿದ್ದಳು. “ಆಯಿ, ಖರೇ ಹೇಳಬೇ,” ಎಂದ ಸೈದಪ್ಪ.

ಅವಳು ಮುಖ ಎತ್ತಲಿಲ್ಲ. “ಯಾರ ಟವೆಲ್ಲೋ ಅವರ ಸೀಟು ಅಂತ ಬಸ್ಸಿಗೆಲ್ಲಾ ನೀನ ಒದರಿದ್ದಿ. ನಾ ಎದ್ದು ನಿನಗ ಸೀಟು ಬಿಟ್ಟೆ ಇಲ್ಲೋ? ನೀ ಸೀಟು ನೋಡ್ಕೊಂಡಿ, ಟವೆಲ್ ನೋಡ್ಲಿಲ್ಲ,” ಎಂದು ಅರ್ಧ ರೊಟ್ಟಿ ಮುರಿದು ಅವನತ್ತ ಚಾಚಿದಳು.

ಸಂಜೆ ಮಾಸ್ತರರು ವಾಕ್ಯ ಕೇಳಿದಾಗ ಸೈದಪ್ಪ ಏಳಲಿಲ್ಲ. ಟವೆಲ್ ಬುತ್ತಿಗಂಟಿಗೆ ಸಿಕ್ಕಿಕೊಂಡು ತಾನಾಗಿ ಹೋಯಿತೋ, ಮುದುಕಿಯೇ ಹಿಡಿದಳೋ ನನಗೆ ಗೊತ್ತಿಲ್ಲ. ಆ ರೊಟ್ಟಿ ತಿಂದನೋ ಇಲ್ಲವೋ, ಅದನ್ನೂ ನಾನು ಕೇಳಲಿಲ್ಲ.